ಪೊಲೊನ್ನರುವದ ಕಾದ ಕಲ್ಲು

ಯಾರಾದರೂ ವಿಚಿತ್ರವನ್ನು ಕಣ್ಣಾರೆ ಕಂಡೆ ಎಂದರೆ, ಎಷ್ಟು ಕುಡಿದಿದ್ದೆ ಮಾರಾಯ ಎಂದು ಕೇಳುತ್ತಿದ್ದವನು ನಾನು. ಇದನ್ನು ಓದಿ ನೀವು ನನ್ನನ್ನೂ ಹಾಗೆ ಕೇಳಬಹುದು. ಕೇಳಿ, ಬೇಸರವಿಲ್ಲ. ಆದರೆ ಅದು ನಡುಮಧ್ಯಾಹ್ನ, ನಾನು ಕುಡಿದದ್ದು ಬರೀ ಎಳನೀರು.

ಆಗ ನಾನು ಅಬುಧಾಬಿಯ ಮುಸಫ್ಫಾದಲ್ಲಿ ಒಂದು ಫ್ಯಾಬ್ರಿಕೇಶನ್ ಕಂಪೆನಿಯ ಆಫೀಸಿನಲ್ಲಿದ್ದೆ. ಅಲ್ಲಿನ ವೆಲ್ಡರ್ ನಿಮಲ್ ಶ್ರೀಲಂಕಾದ ಪೊಲೊನ್ನರುವದವನು. ತಾಯಿ ತೀರಿಕೊಂಡಾಗ ಮ್ಯಾನೇಜರ್ ಅವನಿಗೆ ರಜೆ ಕೊಡಲಿಲ್ಲ. ಕೆಲಸ ರಾಶಿ ಬಿದ್ದಿದೆ, ಸಂಸ್ಕಾರಕ್ಕೆ ಬೇರೆ ಮಕ್ಕಳಿಲ್ಲವೇ ಎಂದನಂತೆ. ಇರಲಿಲ್ಲ, ನಿಮಲ್ ಒಬ್ಬನೇ ಮಗ. ಮ್ಯಾನೇಜರ್ ನಮ್ಮ ಉಡುಪಿ ಕಡೆಯವನಲ್ಲವೇ ಎಂದು ನಿಮಲ್ ಪರವಾಗಿ ನಾನೇ ಹೋಗಿ ಕೇಳಿಕೊಂಡೆ. 'ಖಲಾಸ್' ಎಂದು ಬಾಗಿಲು ತೋರಿಸಿದ. ಕೆಲಸಗಾರರ ಪಾಸ್‌ಪೋರ್ಟೆಲ್ಲ ಅವನ ಕಪಾಟಿನಲ್ಲಿ. ಆ ಮನುಷ್ಯನ ಹೆಸರೆತ್ತಿದರೆ ಈಗಲೂ ನನ್ನ ಬಾಯಿ ಕಹಿಯಾಗುತ್ತದೆ.

ಮುಂದಿನ ಈದ್ ರಜೆಗೆ ನಾವು ಗಂಡ ಹೆಂಡತಿ ಶ್ರೀಲಂಕಾಕ್ಕೆ ಟಿಕೆಟ್ ಮಾಡಿದ್ದೆವು. ಗಲ್ಫಿನಲ್ಲಿ ಒಬ್ಬರು ಊರ ಕಡೆ ಹೊರಟರೆ ಉಳಿದವರು ತಮ್ಮ ಮನೆಗೊಂದು ಕಟ್ಟು ಕೊಡುವುದು ರೂಢಿ. ಹಾಲಿನ ಪುಡಿ, ಬಾದಾಮಿ, ನೋವಿನ ಮುಲಾಮು. ನಿಮಲ್ ಬರಿಗೈಯಲ್ಲಿ ಬಂದ. ತೆಗೆದುಕೊಳ್ಳಲು ಮನೆಯಲ್ಲಿ ಯಾರಿದ್ದಾರೆ? ಅಮ್ಮ ಹುಣ್ಣಿಮೆಗೆ ಹೋಗುತ್ತಿದ್ದ ಬಂಡೆಗಲ್ಲಿನ ಬುದ್ಧನ ಮುಂದೆ ಅವಳ ಹೆಸರಲ್ಲಿ ಒಂದು ನೈದಿಲೆ ಇಡಿ ಎಂದು ಹಿಂದಿಯಲ್ಲಿ ಕೇಳಿಕೊಂಡ.

ಪೊಲೊನ್ನರುವ ಹಿಂದೆ ರಾಜಧಾನಿಯಾಗಿತ್ತು. ಈಗ ಉಳಿದಿರುವುದು ಸೂರಿಲ್ಲದ ಅರಮನೆ, ಮೋಟು ಕಂಬಗಳು. ರಾಜರೇ ಹೋದರು, ನಮ್ಮ ಮ್ಯಾನೇಜರ್ ಯಾವ ಲೆಕ್ಕ ಎಂದುಕೊಂಡೆ. ಬುದ್ಧನ ಹತ್ತಿರ ಚಪ್ಪಲಿ ಬಿಟ್ಟೇ ಹೋಗಬೇಕು. ಕಲ್ಲು ಕಾದ ಕಾವಲಿಯಾಗಿತ್ತು. ಹೆಂಡತಿ ಜಾಣೆ, ಕಾಲುಚೀಲ ತಂದಿದ್ದಳು. ನಾನು ಕುಣಿಯುತ್ತಲೇ ನಡೆದೆ. ಹೂ ಇಡಲು ಬಗ್ಗುವಾಗ ಪಕ್ಕದಿಂದ ಒಂದು ಕೈ ಚಾಚಿತು. ಬಿಳಿ ಅಂಗಿ, ಬರಿಗಾಲು, ಕೈ ಮೇಲೆ ವೆಲ್ಡಿಂಗ್ ಕಿಡಿಯ ಕಲೆಗಳು. ನಿಮಲ್!

"ನಾನೇ ಇಡ್ತೇನೆ ಸರ್," ಎಂದ.

ಕೊಟ್ಟೆ. ಅಂತೂ ಆ ಕಟುಕ ರಜೆ ಕೊಟ್ಟನೇ ಎಂದು ಕೇಳುವಷ್ಟರಲ್ಲಿ ಹಿಂದೆ ಸೀಟಿ ಊದಿದರು. ಹೆಂಡತಿ ಬುದ್ಧನಿಗೆ ಬೆನ್ನು ಹಾಕಿ ಸೆಲ್ಫಿ ತೆಗೆಯುತ್ತಿದ್ದಳು. ಅಲ್ಲಿ ಅದು ದೊಡ್ಡ ಅಪಚಾರ. ಕಾವಲುಗಾರನಿಗೆ ಕೈಮುಗಿದು ತಿರುಗಿದರೆ ನಿಮಲ್ ಇಲ್ಲ. ನೈದಿಲೆ ಮಾತ್ರ ಬುದ್ಧನ ಮುಂದಿತ್ತು.

"ಯಾರ ಹತ್ರ ಮಾತಾಡ್ತಾ ಇದ್ರಿ ಮಾರಾಯ್ರೆ?" ಎಂದಳು ಹೆಂಡತಿ.

ಮುಸಫ್ಫಾಕ್ಕೆ ಮರಳಿದಾಗ ನಿಮಲ್ ಕೆಲಸಗಾರರ ಕ್ಯಾಂಪಿನ ಮಂಚದಲ್ಲಿ ಮಲಗಿದ್ದ. ರಜೆಯಲ್ಲಿ ಅವನು ಕೋಣೆ ಬಿಟ್ಟು ಕದಲಿಲ್ಲ ಎಂದು ಜೊತೆಯವರೆಲ್ಲ ಹೇಳಿದರು. ಅವನ ಅಂಗಾಲಿನ ತುಂಬ ಸುಟ್ಟ ಗುಳ್ಳೆಗಳು. ಒಂದು ಮಧ್ಯಾಹ್ನ ಮಲಗಿ ಎದ್ದಾಗ ಹೀಗಾಗಿತ್ತಂತೆ. ಯಾವ ದಿನ ಎಂದು ಕೇಳಿದೆ. ನಾವು ಅಲ್ಲಿದ್ದ ದಿನವೇ. ನಾನು ಹೂವಿನ ಮಾತೆತ್ತುವ ಮೊದಲೇ ಅವನು ಮೆಲ್ಲಗೆ ಹೇಳಿದ, "ಕಲ್ಲು ತುಂಬಾ ಕಾದಿತ್ತಲ್ಲ ಸರ್."

ಶೂ ಹಾಕಲಾಗದೆ ನಿಮಲ್ ಕೆಲಸಕ್ಕೆ ಬಾರದಿದ್ದಾಗ ಮ್ಯಾನೇಜರ್ ನನ್ನನ್ನು ಕರೆಸಿ ಹಾರಾಡಿದ. ಬರಿಗಾಲಲ್ಲಿ ಎಲ್ಲಿ ತಿರುಗಲು ಹೋಗಿದ್ದನಂತೆ ಎಂದು ಕೇಳಿದ.

"ಎಲ್ಲಿಗೆ ಹೋಗ್ತಾನೆ ಸರ್," ಎಂದೆ. "ಪಾಸ್‌ಪೋರ್ಟ್ ನಿಮ್ಮ ಕಪಾಟಿನಲ್ಲೇ ಉಂಟಲ್ಲ."