ಮಾರಿಸೆಲ್ ಕೇಳಿದ ಅಡುಗೆ

ಆ ಶನಿವಾರ ಬೆಳಿಗ್ಗೆ ಮಲೇಷ್ಯಾದ ಪೆಟಾಲಿಂಗ್ ಜಯಾ ಮಾರ್ಕೆಟ್ಟಿನಲ್ಲಿ ನನ್ನ ಹೆಂಡತಿ ಮಾರಿಸೆಲ್ ಒಂದು ಹಿಡಿ ಬೆಂಡೆಕಾಯಿ ಎತ್ತಿಕೊಂಡು ಏನೋ ಕೇಳಿದಳು. ಬಾಯಿಂದ ಬಂದದ್ದು ಇಂಗ್ಲಿಷಲ್ಲ, ಮಲಯವೂ ಅಲ್ಲ, ಯಾವ ಮಾತೂ ಅಲ್ಲ. ತಮಾಷೆ ಮಾಡುತ್ತಿದ್ದಾಳೆಂದು ತರಕಾರಿಯ ಹೆಂಗಸು ನಕ್ಕಳು.

ನಾನೂ ನಕ್ಕೆ.

ಸುಸ್ತಾಗಿರಬೇಕು, ಮಲಗಿ ಎದ್ದರೆ ಸರಿಹೋಗುತ್ತದೆ ಎಂದು ಮನೆಗೆ ಕರೆತಂದೆ. ಮಧ್ಯಾಹ್ನ ಎಬ್ಬಿಸಲು ಹೋದಾಗ ಅವಳ ಬಲಗೈ ಹಾಸಿಗೆಯಿಂದ ಮೇಲೇಳಲಿಲ್ಲ. ಬಾಯಿ ಒಂದು ಕಡೆಗೆ ಜಾರಿತ್ತು.

ಸ್ಟ್ರೋಕ್.

ಸಿಟಿ ಸ್ಕ್ಯಾನ್ ನೋಡಿದ ನ್ಯೂರಾಲಜಿಸ್ಟ್ ಉಡುಪಿ ಕಡೆಯವರು. ನನ್ನ ಹೆಸರು ಕೇಳಿ ಕನ್ನಡದಲ್ಲೇ ಮಾತಾಡಿದರು.

"ಶುರುವಾದದ್ದು ಎಷ್ಟು ಹೊತ್ತಿಗೆ?"

"ಬೆಳಿಗ್ಗೆ ಎಂಟು ಗಂಟೆ ಸರ್."

"ಕ್ಲಾಟ್ ಕರಗಿಸುವ ಇಂಜೆಕ್ಷನ್ ಉಂಟು. ಆದ್ರೆ ಅದಕ್ಕೆ ಟೈಮ್ ದಾಟಿ ಆಯ್ತಲ್ಲ."

ಅವರು ದೂರಲಿಲ್ಲ. ದೂರಿದ್ದರೆ ಸ್ವಲ್ಪ ಹಗುರವಾಗುತ್ತಿತ್ತೇನೋ.

ಮೂರನೆಯ ದಿನ ಮತ್ತೆ ಕೇಳಿದರು. "ಅವರ ಮನೆಭಾಷೆ ಯಾವುದು?"

"ಟಗಾಲೊಗ್. ಫಿಲಿಪ್ಪೀನ್ಸಿನವಳು."

"ಕೆಲವರಿಗೆ ಚಿಕ್ಕಂದಿನ ಭಾಷೆಯೇ ಮೊದಲು ವಾಪಸ್ ಬರ್ತದೆ. ನಿಮಗೆ ಅದು ಬರ್ತದಾ?"

"ಇಲ್ಲ."

ಕ್ಲಾಂಗ್ ಬಂದರಿನ ಒಂದು ಶಿಪ್ಪಿಂಗ್ ಆಫೀಸಿನಲ್ಲಿ ಜೊತೆಗೆ ಕೆಲಸ ಮಾಡುತ್ತಿದ್ದು ಮದುವೆಯಾದವರು ನಾವು. ಹದಿನೇಳು ವರ್ಷ ಇಂಗ್ಲಿಷಿನಲ್ಲೇ ಸಂಸಾರ ನಡೆಸಿದ್ದೆವು. ಅವಳು ಮೈಸೂರಿನಲ್ಲಿರುವ ನನ್ನ ತಾಯಿಯ ಜೊತೆ ಫೋನಿನಲ್ಲಿ ಮಾತಾಡುವಷ್ಟು ಕನ್ನಡ ಕಲಿತಳು, ಹುಳಿ ಮಾಡಲು ಕಲಿತಳು, ನಾನು ಮಾಂಸ ತಿನ್ನುವುದಿಲ್ಲವೆಂದು ಮನೆಯಲ್ಲಿ ಅದನ್ನು ಬೇಯಿಸುವುದನ್ನೇ ಬಿಟ್ಟಳು. ಬಿಡು ಎಂದು ನಾನು ಹೇಳಿರಲಿಲ್ಲ. ಬಿಡಬೇಡ ಎಂದೂ ಹೇಳಿರಲಿಲ್ಲ.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ದಿನಗಳೆಲ್ಲ ಒಂದೇ ಆದವು. ಡಯಾಪರ್. ಮಾತ್ರೆ ಪುಡಿಮಾಡುವುದು. ಕೈಕಾಲಿಗೆ ಎಕ್ಸರ್‌ಸೈಜ್. ಮತ್ತೆ ಡಯಾಪರ್. ನಡುವೆ ಲ್ಯಾಪ್‌ಟಾಪ್ ತೆರೆದು ಆಫೀಸಿನ ಮೇಲ್‌ಗಳಿಗೆ ಉತ್ತರ. ಕುಳಿತಲ್ಲೇ ಕಣ್ಣು ಮುಚ್ಚಿಹೋಗುತ್ತಿತ್ತು.

ಆಹಾರಕ್ಕೆಂದು ಆಸ್ಪತ್ರೆಯಲ್ಲಿ ಹಾಕಿದ್ದ ಮೂಗಿನ ಟ್ಯೂಬ್ ತೆಗೆದಿದ್ದರು. ಮೆತ್ತಗೆ ಬೆಂದದ್ದನ್ನು ಮಾತ್ರ ಕೊಡಿ ಎಂದಿದ್ದರು. ರಾಗಿ ಗಂಜಿ ಕೊಟ್ಟರೆ ಮುಖ ತಿರುಗಿಸುತ್ತಿದ್ದಳು. ಪೊಂಗಲ್ ಉಗುಳುತ್ತಿದ್ದಳು. ಮೈ ಇಳಿಯುತ್ತ ಹೋಯಿತು. ಹೀಗೇ ಆದರೆ ಮತ್ತೆ ಟ್ಯೂಬ್ ಹಾಕಬೇಕಾಗುತ್ತದೆ ಎಂದು ಸ್ಪೀಚ್ ಥೆರಪಿಸ್ಟ್ ಎಚ್ಚರಿಸಿದರು. ಆ ಟ್ಯೂಬನ್ನು ಅವಳು ಎರಡು ಸಲ ಕಿತ್ತು ಹಾಕಿದ್ದಳು.

ಒಂದು ಮಧ್ಯಾಹ್ನ ನನ್ನ ಕೈಯಲ್ಲಿದ್ದ ಚಮಚವನ್ನು ದೂಡಿ ಹೇಳಿದಳು.

"ಗಿನಿಲಿಂಗ್."

ಸ್ಟ್ರೋಕ್ ಆದ ಮೇಲೆ ಅವಳ ಬಾಯಲ್ಲಿ ನೆಟ್ಟಗೆ ಬಂದ ಮೊದಲ ಮಾತು. ನನಗೆ ಅರ್ಥವಾಗಲಿಲ್ಲ. ಮನಿಲಾದಲ್ಲಿರುವ ಅವಳ ಅಕ್ಕ ಲಿನ್‌ಗೆ ಫೋನ್ ಮಾಡಿದೆ. ಲಿನ್ ಅಳುತ್ತ ನಕ್ಕಳು. ಗಿನಿಲಿಂಗ್ ಅಂದರೆ ಹಂದಿಯ ಕೈಮಾ ಮಾಂಸಕ್ಕೆ ಆಲೂಗಡ್ಡೆ, ಕ್ಯಾರೆಟ್, ಬಟಾಣಿ ಹಾಕಿ ಮಾಡುವ ಪಲ್ಯದಂಥದ್ದು. ಅವರ ಅಮ್ಮ ಸ್ಕೂಲಿನ ದಿನಗಳಲ್ಲಿ ಮಾಡಿಕೊಡುತ್ತಿದ್ದದ್ದು. "ನೀನು ಮಾಡ್ತೀಯಾ?" ಎಂದು ಎರಡು ಸಲ ಕೇಳಿದಳು.

ಥೆರಪಿಸ್ಟರನ್ನು ಕೇಳಿದೆ. ನುಣ್ಣಗೆ ಬೆಂದು ರಸ ಇರಬೇಕು, ಬಟಾಣಿ ಬೇಡ ಎಂದರು. ಸೂಪರ್‌ಮಾರ್ಕೆಟ್ಟಿನ ಮೂಲೆಯಲ್ಲಿ ಹಂದಿ ಮಾಂಸಕ್ಕೆಂದೇ ಬೇರೆ ಕೌಂಟರ್ ಇದೆ. ಇಷ್ಟು ವರ್ಷ ಅದರ ಮುಂದೆ ಬೇಗ ಹೆಜ್ಜೆ ಹಾಕಿದವನು ಅಂದು ಸಾಲಿನಲ್ಲಿ ನಿಂತೆ. ಪೊಟ್ಟಣ ತಣ್ಣಗಿತ್ತು. ದಾರಿಯುದ್ದಕ್ಕೂ ಅದನ್ನು ಮೈಗೆ ತಾಗದ ಹಾಗೆ ಹಿಡಿದುಕೊಂಡು ಬಂದೆ.

ಮಾರಿಸೆಲ್‌ಳ ವೀಲ್‌ಚೇರನ್ನು ಮಗಳು ಇಂಚರ ಅಡುಗೆಮನೆಯ ಬಾಗಿಲಿಗೆ ತಂದಳು. ಅವಳಿಗೆ ಹದಿನಾಲ್ಕು. ಬೆಳ್ಳುಳ್ಳಿ, ಈರುಳ್ಳಿ, ಟೊಮೆಟೊ ಬಾಡಿಸುವವರೆಗೆ ನನಗೆ ಗೊತ್ತಿದ್ದ ಅಡುಗೆಯೇ. ಮಾಂಸ ಹಾಕಿದೆ. ಗುಲಾಬಿ ಬಣ್ಣ ಬಿಳುಚಿಕೊಂಡು ವಾಸನೆ ಎದ್ದಾಗ ಕಿಟಕಿಯತ್ತ ಮುಖ ಮಾಡಿ ಉಸಿರೆಳೆದುಕೊಂಡು ಮತ್ತೆ ಕೈಯಾಡಿಸಿದೆ. ಅಭ್ಯಾಸಬಲದಿಂದ ಅರಿಸಿನದ ಡಬ್ಬಿ ಎತ್ತಿದೆ.

"ಹಿಂದಿ!" ಮಾರಿಸೆಲ್ ಎಡಗೈಯಿಂದ ಬಾಗಿಲು ಬಡಿದಳು. "ಹಿಂದಿ!"

ನನಗೆ ಗಾಬರಿಯಾಯಿತು. "ಹಿಂದಿ ಯಾಕೆ ಇವಳಿಗೆ ಈಗ?"

"ಅಪ್ಪಾ, ದಟ್ ಮೀನ್ಸ್ ನೋ ಲಾ," ಎಂದಳು ಇಂಚರ, ಇಲ್ಲಿಯವರ ರಾಗದಲ್ಲಿ. "ಟರ್ಮರಿಕ್ ಬೇಡವಂತೆ."

"ನಿನಗೆ ಹೇಗೆ ಗೊತ್ತು?"

"ಅಮ್ಮ ಲಿನ್ ಆಂಟಿ ಜೊತೆ ಡೈಲಿ ಮಾತಾಡ್ತಿದ್ಳಲ್ಲ. ಐ ಲಿಸನ್."

ಅವಳು ಸೋಫಾದಲ್ಲಿ ಕುಳಿತು ಫೋನಿನಲ್ಲಿ ಮಾತಾಡುವಾಗ ನಾನೂ ಅದೇ ಸೋಫಾದ ಮೇಲೆ ಕುಳಿತಿರುತ್ತಿದ್ದೆ.

ಅರಿಸಿನವನ್ನು ಕೆಳಗಿಟ್ಟೆ. ಸೋಯಾ ಸಾಸ್, ಒಂದು ಪಲಾವ್ ಎಲೆ, ನೀರು. ಆಲೂಗಡ್ಡೆ ಚಮಚದಲ್ಲಿ ಒತ್ತಿದರೆ ಒಡೆಯುವವರೆಗೆ ಬೇಯಿಸಿ, ಅನ್ನದ ಜೊತೆ ಹಿಸುಕಿ ಬಾಯಿಗಿಟ್ಟೆ. ಥೆರಪಿಸ್ಟ್ ಕಲಿಸಿಕೊಟ್ಟ ಹಾಗೆ ಗದ್ದ ತಗ್ಗಿಸಿ ನುಂಗಿದಳು. ಕೆಮ್ಮಲಿಲ್ಲ. ಬಾಯಿ ತೆರೆದಳು.

ಆರು ಚಮಚ ತಿಂದಳು.

ಇದೆಲ್ಲ ಆಗಿ ಐದು ತಿಂಗಳಾಯಿತು. ಮತ್ತೆ ಟ್ಯೂಬ್ ಹಾಕಲಿಲ್ಲ. ಬಲಗೈ ಇನ್ನೂ ಬಂದಿಲ್ಲ. ಬರುತ್ತದೆಂದು ಡಾಕ್ಟರೂ ಹೇಳುವುದಿಲ್ಲ. ಇಂಗ್ಲಿಷ್ ಮಾತುಗಳು ಅಲ್ಲೊಂದು ಇಲ್ಲೊಂದು. ಆ ಬೆಳಿಗ್ಗೆ ನಾನು ನಕ್ಕದ್ದಕ್ಕೆ ಕ್ಷಮೆ ಕೇಳಿದ್ದೇನೆ. ಎಷ್ಟು ಅರ್ಥವಾಯಿತೋ ತಿಳಿಯದು. ಇಂಚರ ದಿನಕ್ಕೆ ಎರಡು ಟಗಾಲೊಗ್ ಪದ ಹೇಳಿಕೊಡುತ್ತಾಳೆ. ದಣಿದ ತಲೆಯಲ್ಲಿ ಒಂದು ಉಳಿಯುತ್ತದೆ.

ನಿನ್ನೆ ಒಲೆ ಆರಿಸಿ ಅಲ್ಲೇ ಗೋಡೆಗೆ ಒರಗಿ ನಿಂತುಬಿಟ್ಟಿದ್ದೆ. ಮಾರಿಸೆಲ್ ಎಡಗೈಯಿಂದ ತನ್ನ ಪಕ್ಕದ ಕುರ್ಚಿಯನ್ನು ಸ್ವಲ್ಪ ಹೊರಗೆಳೆದಳು. "ಕಾಯಿನ್ ನಾ," ಎಂದಳು.

ಊಟ ಮಾಡು ಬಾ. ಯಾರೂ ಅರ್ಥ ಹೇಳಬೇಕಾಗಲಿಲ್ಲ. ಮೊಸರನ್ನ ಹಾಕಿಕೊಂಡು ಹೋಗಿ ಅವಳ ಪಕ್ಕ ಕುಳಿತೆ.