ಖಾಲಿ ಗಾಡಿಯ ನಿಲುವು

ಹೋದ ವಾರ ಸಂಡೂರಿನಿಂದ ಹೊಸಪೇಟೆಗೆ ಬಸ್ಸಿನಲ್ಲಿ ಬರುತ್ತಿದ್ದೆ. ಗುಡ್ಡದ ಇಳಿಜಾರು ಶುರುವಾಗುತ್ತಿದ್ದಂತೆ ಕೆಳಗಿನಿಂದ ಒಂದು ವಾಸನೆ ಮೇಲೆದ್ದು ಬಂತು. ಬ್ರೇಕಿನ ಲೈನಿಂಗ್ ಕಾಯ್ದಾಗ ಬರುವ ವಾಸನೆ. ಸುಟ್ಟ ಕೂದಲು, ಸುಟ್ಟ ಬಟ್ಟೆ ಎರಡೂ ಸೇರಿದಂತೆ ಇರುತ್ತದೆ ಅದು. ಪಕ್ಕದ ಹುಡುಗಿ ಮೂಗಿಗೆ ವೇಲು ಅಡ್ಡ ಹಿಡಿದಳು. ನಾನು ಹಿಡಿಯಲಿಲ್ಲ. ನನಗೆ ಅದು ಹೊಸಪೇಟೆಯ ನಮ್ಮ ಓಣಿಯ ವಾಸನೆ... ಓಣಿಯ ತುದಿಯಲ್ಲಿದ್ದ ಮೇಸ್ತ್ರಿಯ ಗ್ಯಾರೇಜಿನ ವಾಸನೆ.

ಗ್ಯಾರೇಜ್ ಎಂದರೆ ಒಂದು ಬೇವಿನ ಮರ, ತಗಡಿನ ಒಂದು ಮಾಡು, ಎಣ್ಣೆ ಕುಡಿದು ಕಪ್ಪಾದ ನೆಲ. ಮೇಸ್ತ್ರಿ ಎತ್ತರದ ಆಳು. ಗಾಡಿಯ ಕೆಳಗೆ ಮಲಗಿದರೆ ಮೊಣಕಾಲಿನಿಂದಾಚೆ ಎರಡೂ ಕಾಲು ಹೊರಗೇ ಉಳಿಯುತ್ತಿದ್ದವು. ಓಣಿಯವರು ಆ ಕಾಲುಗಳ ಜೊತೆಗೇ ಮಾತಾಡಿ ಹೋಗುತ್ತಿದ್ದರು. ಮೇಸ್ತ್ರಿ ನನ್ನನ್ನು ತಂಗಿ ಎನ್ನುತ್ತಿದ್ದರು, ಅವ್ವನನ್ನು ಯವ್ವಾ ಎನ್ನುತ್ತಿದ್ದರು. ಅಪ್ಪ ತೀರಿಹೋದ ಮೇಲೆ ನಮ್ಮ ಮನೆಗೆ ಗಂಡಸು ಅಂತ ಇದ್ದವನು ಅಣ್ಣ ಒಬ್ಬನೇ. ಅಣ್ಣ ಡ್ರೈವರ್ ಆಗಿದ್ದ. ದಿನದ ಅರ್ಧ ಮೇಸ್ತ್ರಿಯ ಬೇವಿನ ಮರದ ಕೆಳಗೇ ಕಳೆಯುತ್ತಿದ್ದ.

ಆಗ ಕಾಲುವೆಯ ನೀರು ಬಂದು ಕಂಪ್ಲಿ ಕಡೆಯ ಹೊಲಗಳೆಲ್ಲ ಭತ್ತ, ಕಬ್ಬು ಆಗಿದ್ದವು. ಎಮ್ಮಿಗನೂರಿನ ಸಾಹುಕಾರರೊಬ್ಬರು ಮಿಲಿಟರಿಯವರು ಹರಾಜಿಗೆ ಹಾಕಿದ ಹಳೆಯ ಟ್ರಕ್ಕುಗಳನ್ನು ಎರಡು ತಂದಿದ್ದರು. ನಾಲ್ಕೂ ಗಾಲಿಗೆ ಎಂಜಿನ್ನಿನ ಎಳೆತ ಇದ್ದ ಗಾಡಿಗಳು. ಆದರೂ ನೀರುಂಡ ಕರಿಮಣ್ಣಿನಲ್ಲಿ ಹೊಟ್ಟೆ ನೆಲಕ್ಕೆ ತಾಗಿ ಅವು ಕೂತುಬಿಡುತ್ತಿದ್ದವು. ಎತ್ತು ಕಟ್ಟಿ ಎಳೆಯಬೇಕಾಗುತ್ತಿತ್ತು. ಸಾಹುಕಾರರು ಅವನ್ನು ಮೇಸ್ತ್ರಿಯ ಹತ್ತಿರ ತಂದು ನಿಲ್ಲಿಸಿದರು. ಎತ್ತರಿಸಿ ಕೊಡಬೇಕು ಎಂದರು, ಒಂದನ್ನು ಓಡಿಸಲು ಅಣ್ಣನನ್ನು ಗೊತ್ತುಮಾಡಿದರು.

ಮೇಸ್ತ್ರಿ ಎತ್ತರಿಸಿದರು. ಸ್ಪ್ರಿಂಗಿಗೆ ಪಟ್ಟಿ ಸೇರಿಸಿ, ಕೆಳಗೆ ಕಬ್ಬಿಣದ ಗಟ್ಟಿ ಕೊಟ್ಟು, ದೊಡ್ಡ ಟೈರು ಹಾಕಿದರು. ಗಾಡಿ ಮೇಲೇರಿದರೆ ಅಷ್ಟಕ್ಕೇ ಮುಗಿಯುವುದಿಲ್ಲ ಅಂತ ಅಣ್ಣ ಮನೆಯಲ್ಲಿ ಊಟಕ್ಕೆ ಕೂತು ನನಗೆ ಹೇಳುತ್ತಿದ್ದ. ದೊಡ್ಡ ಟೈರನ್ನು ಹಳೆಯ ಬ್ರೇಕು ಹಿಡಿಯುವುದಿಲ್ಲ. ಬ್ರೇಕಿನ ಎಣ್ಣೆ ಹೋಗುವ ರಬ್ಬರ್ ಕೊಳವೆ ಉದ್ದ ಸಾಲದೆ ಮೋಟಾಗುತ್ತದೆ. ಸ್ಟೇರಿಂಗಿನಿಂದ ಗಾಲಿಗೆ ಹೋಗುವ ರಾಡು ಮಲಗಿದ್ದದ್ದು ಓರೆಯಾಗಿ ನಿಲ್ಲುತ್ತದೆ. ಮೇಸ್ತ್ರಿ ಬೇರೆ ಲಾರಿಯ ದೊಡ್ಡ ಬ್ರೇಕುಗಳನ್ನು ಮುಂದಿನ ಗಾಲಿಗೆ ಕೂರಿಸಿದರು. ಉದ್ದದ ಕೊಳವೆ ಹಾಕಿದರು. ರಾಡನ್ನು ಕಾಯಿಸಿ ಬಗ್ಗಿಸಿ ಸರಿಮಾಡಿದರು.

ಅವರದೊಂದು ಪದ್ಧತಿ ಇತ್ತು. ಬ್ರೇಕಿಗೋ ಸ್ಟೇರಿಂಗಿಗೋ ಕೈ ಹಚ್ಚಿದ ಗಾಡಿಯನ್ನು ಮೊದಲ ಸಲ ಅವರೇ ಇಳುಕಲಿನಲ್ಲಿ ಇಳಿಸಬೇಕು. ತುಂಬಿದ ಹೇರಿನ ಜೊತೆ, ಚಪ್ಪಲಿ ಬಿಟ್ಟು, ಬರಿಗಾಲಲ್ಲಿ. ಕಂಪ್ಲಿ ಕಡೆ ಇಳುಕಲು ಎಂದರೆ ಕಾಲುವೆ ಏರಿಯದೊಂದೇ. ಅಲ್ಲಿ ಕ್ಯಾಬಿನ್ನಿನ ಮೇಲೂ ಬಾಗುವಷ್ಟು ಕಬ್ಬು ಹೇರಿಸಿ ಏರಿಯಿಂದ ಕೆಳಗಿಳಿಸಿದರು. ಆವತ್ತು ನಾನೂ ಅವ್ವನೂ ಎಮ್ಮಿಗನೂರಿನಲ್ಲಿ ಅತ್ತೆಯ ಮನೆಗೆ ಹೋಗಿದ್ದೆವು. ನೋಡಲಿಕ್ಕೆಂದು ಏರಿಯ ಹತ್ತಿರ ಹೋಗಿ ನಿಂತೆವು.

"ಚಪ್ಪಲಿ ಯಾಕ ಬಿಟ್ಟಿ ಮೇಸ್ತ್ರಿ, ಗಾಡಿ ಏನ್ ಗುಡಿ ಆತೇನು?" ಅಂತ ಅಣ್ಣ ಕಾಡಿಸಿದ.

"ಬರಿಗಾಲಿಗೆ ಬ್ರೇಕು ಮಾತಾಡತೈತಲೇ. ನಿನ್ನಂಗ ಬೂಟು ಹಾಕ್ಕೊಂಡ ಕಿವುಡಗ ಏನ್ ಕೇಳತೈತಿ?"

ಗಾಡಿ ಗೆರೆ ಹೊಡೆದ ಹಾಗೆ ನೆಟ್ಟಗೆ ಇಳಿದು, ಹೇಳಿದಲ್ಲಿ ನಿಂತಿತು. ಮೇಸ್ತ್ರಿ ಕೆಳಗಿಳಿದು ಬಾನೆಟ್ಟಿನ ಮೇಲೆ ಕೈಯಿಟ್ಟು ಅವ್ವನ ಕಡೆ ತಿರುಗಿದರು. "ಹೇರು ಹೊತ್ತಾಗ ಗಾಡಿ ಹೆಂಗ ನಿಲ್ಲತೈತಿ, ಅದ ಅದರ ಖರೆ ನಿಲುವು ಯವ್ವಾ. ಇನ್ನ ನಿನ್ನ ಮಗನ್ನ ಕಳಸು."

ಆ ಮಾತು ಈ ಸೀಮೆಯಲ್ಲಿ ಎಲ್ಲರೂ ಒಪ್ಪುವ ಮಾತೇ ಆಗಿತ್ತು. ಕಬ್ಬಿನ ಗಾಡಿ ಹೇರು ಹೊತ್ತಾಗಲೇ ಜನಕ್ಕೆ ಅಂಜಿಕೆ. ಖಾಲಿ ಗಾಡಿ ಕಾಲುವೆ ಪಕ್ಕದ ಸಪಾಟು ದಾರಿಯಲ್ಲಿ ಕುಲುಕುತ್ತಾ ಹೋಗುತ್ತದೆ, ಅದರ ಚಿಂತೆ ಯಾರೂ ಮಾಡುತ್ತಿರಲಿಲ್ಲ. ಆ ಹಂಗಾಮು ಪೂರ್ತಿ ಎರಡೂ ಗಾಡಿಗಳು ಚೆನ್ನಾಗಿ ಓಡಿದವು.

ಕಬ್ಬು ಮುಗಿಯಿತು, ಕಾರ್ಖಾನೆ ಬಾಗಿಲು ಹಾಕಿತು. ಗಾಡಿ ಸುಮ್ಮನೆ ನಿಲ್ಲಿಸುವುದು ಯಾಕೆ ಅಂತ ಸಾಹುಕಾರರು ಒಂದನ್ನು ಸಂಡೂರಿನ ಗುಡ್ಡಕ್ಕೆ ಹಚ್ಚಿದರು. ಮೇಲೆ ಗಣಿಯಲ್ಲಿ ದುಡಿಯುವವರ ಗುಡಿಸಲುಗಳಿದ್ದವು. ಬೇಸಿಗೆಯಲ್ಲಿ ಅಲ್ಲಿ ಕುಡಿಯಲು ನೀರಿರಲಿಲ್ಲ. ಅಣ್ಣ ನೀರಿನ ಪೀಪಾಯಿಗಳನ್ನು ತುಂಬಿಕೊಂಡು ಹತ್ತುತ್ತಿದ್ದ, ಖಾಲಿ ಪೀಪಾಯಿಗಳೊಂದಿಗೆ ಇಳಿಯುತ್ತಿದ್ದ. ಕಬ್ಬಿನ ಸೀಮೆಯಲ್ಲಿ ಹೊರೆ ಇಳಿಯುತ್ತಿತ್ತು. ಇಲ್ಲಿ ಹೊರೆ ಹತ್ತಿ, ಬರೀ ಗಾಡಿ ಇಳಿಯುತ್ತಿತ್ತು. ಈ ವ್ಯತ್ಯಾಸ ಯಾರ ತಲೆಗೂ ಹೊಳೆಯಲಿಲ್ಲ.

ಅಣ್ಣನಿಗೆ ಮಾತ್ರ ಏನೋ ತಿಳಿದಿತ್ತು ಅನ್ನಿಸುತ್ತದೆ. ಒಂದು ದಿನ ಮನೆಗೆ ಬಂದಾಗ ಕೆಂಪು ಧೂಳಿನ ಮುಖ ತೊಳೆಯುತ್ತಾ, "ಹೊಟ್ಟಿ ತುಂಬಿದ್ರ ಎತ್ತು, ಹೊಟ್ಟಿ ಖಾಲಿ ಇದ್ರ ಕುದುರಿ ಆಗೈತಿ ಇದು. ಬ್ರೇಕು ಒತ್ತಿದ್ರ ಬಲಕ್ಕ ಮುಖ ಮಾಡತೈತಿ. ಸಂತಿ ದಿನ ಮೇಸ್ತ್ರಿಗೆ ತೋರಸ್ತೀನಿ," ಅಂದ. ನಗುತ್ತಲೇ ಅಂದ. ಸಂತೆಯ ದಿನ ಬರಲಿಲ್ಲ...

ಮಧ್ಯಾಹ್ನದ ಹೊತ್ತಿನಲ್ಲಿ, ಮಳೆಯಿಲ್ಲದ ಒಣ ದಾರಿಯಲ್ಲಿ, ಎದುರಿಗೆ ಯಾವ ಗಾಡಿಯೂ ಇಲ್ಲದಾಗ ಅವನ ಗಾಡಿ ಬಲಕ್ಕೆ ತಿರುಗಿ ಕಣಿವೆಗೆ ಬಿತ್ತು. ಒಬ್ಬನೇ ಇದ್ದ. ಬದುಕಲಿಲ್ಲ.

ಅಷ್ಟು ಸುಲಭದ ತಿರುವಿನಲ್ಲಿ ಹಾಗೆ ಆಯಿತೆಂದರೆ ಜನ ಒಂದೇ ಮಾತು ಆಡಿದರು. ಕುಡಿದಿದ್ದ ಅಂದರು. ಸೀಟಿನ ಕೆಳಗೆ ಬಾಟಲಿ ಇತ್ತಂತೆ ಅಂದರು. ನೋಡಿದವರು ಯಾರು ಎಂದರೆ ಯಾರೂ ಇಲ್ಲ. ಅಣ್ಣ ಹಿಂದೆ ಕುಡಿಯುತ್ತಿದ್ದ, ಅದು ಸುಳ್ಳಲ್ಲ. ಅಪ್ಪ ಹೋದ ಮೇಲೆ ಅವ್ವನ ಕಾಲು ಮುಟ್ಟಿ, ಇನ್ನು ಕುಡಿಯುವುದಿಲ್ಲ ಅಂತ ಆಣೆ ಇಟ್ಟಿದ್ದ. ಅವ್ವ ಆ ಆಣೆಯನ್ನು ನಂಬಿ ಬದುಕಿದ್ದಳು.

ಸತ್ತವರಿಗೆ ಇಷ್ಟದ ಅಡುಗೆ ಮಾಡಿ ಎಡೆ ಇಡುವ ದಿನ ಬಂತು. ನೆಂಟರೆಲ್ಲ ಕೂತಿದ್ದರು. ಅವ್ವ ಒಲೆ ಹಚ್ಚಲೇ ಇಲ್ಲ. ಗೋಡೆಗೆ ಒರಗಿ ಕೂತಿದ್ದವಳು, "ನನ್ನ ಕಾಲ ಮುಟ್ಟಿ ಸುಳ್ಳು ಹೇಳಿದವಗ ನಾ ಎಡಿ ಇಡೂದಿಲ್ಲ," ಅಂದಳು. ಅತ್ತೆ ಎಷ್ಟು ಬೇಡಿಕೊಂಡರೂ ಏಳಲಿಲ್ಲ. ಕಣ್ಣೀರೂ ಬರಲಿಲ್ಲ ಅವಳಿಗೆ. ಮಗ ಸತ್ತದ್ದಕ್ಕೆ ಅಳಬೇಕೋ ಮಗ ಮಾತು ಮುರಿದದ್ದಕ್ಕೆ ಸಿಟ್ಟಾಗಬೇಕೋ ತಿಳಿಯದೆ ಕಲ್ಲಾಗಿ ಕೂತಿದ್ದಳು. ಬಂದವರು ನೀರು ಕುಡಿದು ಎದ್ದು ಹೋದರು.

ಮೇಸ್ತ್ರಿ ಅಣ್ಣನ ಮಣ್ಣಿಗೆ ಬಂದಿದ್ದರು. ಆಮೇಲೆ ಕಾಣಲಿಲ್ಲ. ಗುಡ್ಡಕ್ಕೆ ಹೋಗಿದ್ದಾರೆ, ಬಿದ್ದ ಗಾಡಿಯ ಸುತ್ತ ತಿರುಗುತ್ತಿದ್ದಾರೆ ಅಂತ ಯಾರೋ ಹೇಳಿದರು. ಹಿಂದಿರುಗಿ ಬಂದವರು ಸಾಹುಕಾರರ ಇನ್ನೊಂದು ಗಾಡಿಯನ್ನು ತರಿಸಿ ಬೇವಿನ ಮರದ ಕೆಳಗೆ ನಿಲ್ಲಿಸಿಕೊಂಡರು. ಒಂದು ಬೆಳಿಗ್ಗೆ ನಮ್ಮ ಹೊಸ್ತಿಲಿನಾಚೆ ಬಂದು ನಿಂತರು.

"ಯವ್ವಾ, ಗ್ಯಾರೇಜಿಗೆ ಬರ್ಬೇಕು. ನಿನಗೊಂದು ತೋರಸೂದೈತಿ."

ಹೆಂಗಸರು ಗ್ಯಾರೇಜಿಗೆ ಹೋಗುವ ರೂಢಿ ಇರಲಿಲ್ಲ. ಅವ್ವ ಸೆರಗು ಹೊದ್ದು ಎದ್ದಳು. ನಾನು ಕೈಹಿಡಿದು ಕರೆದುಕೊಂಡು ಹೋದೆ. ಅಲ್ಲಿ ಸಾಹುಕಾರರು ಬಂದಿದ್ದರು, ಅಣ್ಣನ ಜೊತೆಯ ಡ್ರೈವರುಗಳು ಬಂದಿದ್ದರು. ಮೇಸ್ತ್ರಿಯೇ ಕರೆಸಿದ್ದರು. ನಾವು ಒಳಗೆ ಕಾಲಿಡುವಾಗ ಸಾಹುಕಾರರು ತಗ್ಗಿದ ದನಿಯಲ್ಲಿ ಅವರಿಗೆ ಹೇಳುತ್ತಿದ್ದದ್ದು ನನಗೆ ಕೇಳಿಸಿತು.

"ಹೋದಾವ ಹೋದ. ಕುಡದಿದ್ದ ಅಂತ ಊರ ಹೇಳಾಕತ್ತೈತಿ, ಅಲ್ಲಿಗೆ ಮುಗೀತು. ನೀ ಯಾಕ ನಿನ್ನ ಹೊಟ್ಟಿ ಮ್ಯಾಲ ಕಲ್ಲ ಹಾಕ್ಕೊಂತಿ ಮೇಸ್ತ್ರಿ?"

"ಆ ಮಾತು ನೀವು ಆಕಿ ಮುಂದ ಹೇಳ್ರಿ ಸಾವ್ಕಾರ್ರೇ," ಅಂದರು ಮೇಸ್ತ್ರಿ. ಸಾಹುಕಾರರು ಅವ್ವನನ್ನು ನೋಡಿ ಹಿಂದೆ ಸರಿದು ನಿಂತರು.

ಗಾಡಿ ಖಾಲಿ ನಿಂತಿತ್ತು. ಸ್ಟೇರಿಂಗಿನ ಚಕ್ರವನ್ನು ಅಲುಗದಂತೆ ಹಗ್ಗದಿಂದ ಬಿಗಿದು ಕಟ್ಟಿದ್ದರು. ಯಾರೂ ಒಳಗೆ ಕೂತಿರಲಿಲ್ಲ. ಮುಂದಿನ ಗಾಲಿಗಳ ಕೆಳಗೆ, ಅವು ಸಲೀಸಾಗಿ ತಿರುಗಲೆಂದು, ಗ್ರೀಸು ಬಳಿದ ತಗಡುಗಳಿದ್ದವು. ಮೇಸ್ತ್ರಿ ಅವ್ವನನ್ನು ಮುಂದೆ ಸ್ಟೂಲಿನ ಮೇಲೆ ಕೂರಿಸಿ, ಗಾಲಿಯನ್ನು ನೋಡುತ್ತಿರು ಅಂದರು. ಆಮೇಲೆ ಗಾಡಿಯ ಮೂತಿಗೆ ಜಾಕು ಕೊಟ್ಟು ಎತ್ತತೊಡಗಿದರು. ಮೂತಿ ಮೇಲೇರಿದ ಹಾಗೆ ಗಾಲಿಗಳು ತಾವಾಗಿಯೇ ಎಡಕ್ಕೆ ತಿರುಗಿದವು. ಜಾಕು ಇಳಿಸಿದರು, ನಾಲ್ಕಾರು ಜನರನ್ನು ಬಾನೆಟ್ಟಿನ ಮೇಲೆ ಹತ್ತಿಸಿ ಮೂತಿ ತಗ್ಗಿಸಿದರು. ಗಾಲಿಗಳು ಬಲಕ್ಕೆ ತಿರುಗಿದವು. ನೊಗ ಬೇಡವೆಂದು ಎತ್ತು ಮುಖ ತಿರುಗಿಸುವ ಹಾಗೆ, ಮೆಲ್ಲಗೆ... ಡ್ರೈವರುಗಳು ಬಗ್ಗಿ ನೋಡಿದರು. ಹಗ್ಗ ಕಟ್ಟಿದ ಹಾಗೇ ಇತ್ತು.

ಮೇಸ್ತ್ರಿ ಅವ್ವನ ಮುಂದೆ ನೆಲದ ಮೇಲೆ ಕೂತರು.

"ನಾ ರಾಡು ಬಗ್ಗಿಸಿದ್ದು ಹೇರು ಹೊತ್ತ ಗಾಡಿಗೆ ಯವ್ವಾ. ಹೇರು ಇಲ್ಲಂದ್ರ ಗಾಡಿ ಮ್ಯಾಲೇಳತೈತಿ, ರಾಡು ಓರೆ ಆಗತೈತಿ. ಇಳುಕಲಿನ್ಯಾಗ ಬ್ರೇಕು ಒತ್ತಿದ್ರ ಮೂತಿ ಬಾಗತೈತಿ, ಆ ರಾಡು ಗಾಲೀನ ಬಲಕ್ಕ ಎಳಕೊಂತೈತಿ. ಮ್ಯಾಲ ನಾ ಹಾಕಿದ ಬ್ರೇಕು ಭಾಳ ಜೋರಿನವು. ಎಣ್ಣಿ ಕೊಳವಿ ನೆನಪಿಟ್ಟು ಉದ್ದಂದು ಹಾಕಿದೆ. ರಾಡು ಖಾಲಿ ಗಾಡಿಗೆ ಹೆಂಗಿರತೈತಿ ಅಂತ ನೋಡ್ಲಿಲ್ಲ. ಕಾಲುವಿ ಏರಿ ಇಳಿಸಿ ಸಾಕು ಅಂದೆ."

ಅವ್ವ ಬಗ್ಗಿ ಗಾಲಿಯನ್ನು ಮುಟ್ಟಿ ನೋಡಿದಳು. ಕೊನೆಗೆ ಕೇಳಿದ್ದು ಒಂದೇ.

"ಹಂಗಾರ ನನ್ನ ಮಗ ಕುಡದಿರಲಿಲ್ಲೇನು?"

ಹೌದು ಕುಡಿದಿರಲಿಲ್ಲ ಅಂತ ಹೇಳಿದ್ದರೆ ಅವ್ವ ಅಲ್ಲೇ ಹಗುರಾಗುತ್ತಿದ್ದಳು. ಮೇಸ್ತ್ರಿ ಹಾಗೆ ಹೇಳಲಿಲ್ಲ.

"ನಾ ಅಲ್ಲಿರಲಿಲ್ಲ ಯವ್ವಾ. ಕುಡೀದ ಇದ್ದವನೂ ಆ ಗಾಡೀನ ಹಿಡೀತಿರಲಿಲ್ಲ. ನಾನಿದ್ರೂ ಹಿಡೀತಿರಲಿಲ್ಲ. ಅಷ್ಟ ನನಗ ಗೊತ್ತು. ಅವನ ಮ್ಯಾಲ ತಪ್ಪು ಹೊರಸಬ್ಯಾಡ್ರಿ, ಅದು ನಂದು."

ಅಣ್ಣನ ಗೆಳೆಯನೊಬ್ಬ ಅತ್ತ ತಿರುಗಿ ಬೀಡಿ ಹಚ್ಚಿದ, ಸೇದದೆ ಹಾಗೇ ಹಿಡಿದುಕೊಂಡು ನಿಂತ. ಅವ್ವ ಎದ್ದಳು. "ನಿನ್ನ ಮಾರಿ ನೋಡೂದು ಇನ್ನ ನನ್ನ ಕೈಲಿ ಆಗೂದಿಲ್ಲಪಾ. ಆದ್ರ ಕರದು ತೋರಿಸಿದಿಯಲ್ಲ, ಚಲೋ ಮಾಡಿದಿ," ಅಂದಳು.

ಮನೆಗೆ ಬಂದವಳೇ ಒಲೆ ಹಚ್ಚಿದಳು. ಸಜ್ಜೆ ರೊಟ್ಟಿ ಬಡಿದಳು, ಎಣ್ಣೆಗಾಯಿ ಮಾಡಿದಳು. ಅಣ್ಣನಿಗೆ ಅವೆರಡಿದ್ದರೆ ಮತ್ತೇನೂ ಬೇಡವಾಗಿತ್ತು. ಶಾಸ್ತ್ರದ ದಿನ ದಾಟಿಹೋಗಿತ್ತು, ಯಾವ ನೆಂಟರೂ ಇರಲಿಲ್ಲ. ಅವನು ಊಟಕ್ಕೆ ಕೂರುತ್ತಿದ್ದ ಜಾಗದಲ್ಲಿ ಎಡೆ ಇಟ್ಟು, ಅದರ ಮುಂದೆ ಕೂತು ಅವ್ವ ಅತ್ತಳು. ಅಣ್ಣ ಸತ್ತ ಮೇಲೆ ಅವಳು ಅತ್ತದ್ದನ್ನು ನಾನು ನೋಡಿದ್ದು ಆವತ್ತೇ.

ಮೇಸ್ತ್ರಿ ಆ ಇನ್ನೊಂದು ಗಾಡಿಯ ರಾಡನ್ನು ಪೂರ್ತಿ ಬಿಚ್ಚಿ ಹೊಸದಾಗಿ ಮಾಡಿದರು. ಖಾಲಿ ನಿಂತಾಗಲೂ ತುಂಬಿ ನಿಂತಾಗಲೂ ಅದು ಹೆಚ್ಚು ಓರೆಯಾಗದಂತೆ ಕೂರಿಸಿದರು. ಅಣ್ಣ ಬಿದ್ದ ದಾರಿಯಲ್ಲೇ ಅದನ್ನು ತುಂಬಿ ಇಳಿಸಿದರು, ಖಾಲಿ ಇಳಿಸಿದರು. ನಂತರ ಯಾವ ಗಾಡಿಯ ಸ್ಟೇರಿಂಗಿಗೂ ಕೈ ಹಚ್ಚಲಿಲ್ಲ. ಹಚ್ಚುತ್ತೇನೆಂದರೂ ಯಾರೂ ಕೊಡುತ್ತಿರಲಿಲ್ಲ. ತಾನೇ ಬಾಯಿಬಿಟ್ಟು ಹೇಳಿದ ಮಾತು ಹೊಸಪೇಟೆ ತುಂಬ ಓಡಾಡಿತ್ತು. ಲಾರಿಗಳು ರೈಲ್ವೆ ಗೇಟಿನ ಆಚೆಯ ಗ್ಯಾರೇಜುಗಳಿಗೆ ಹೋದವು. ಬೇವಿನ ಮರದ ಕೆಳಗೆ ಔಷಧಿ ಹೊಡೆಯುವ ಪಂಪು, ಸ್ಟೋವು, ಸೈಕಲ್ಲು ಬಂದು ಕೂತವು. ಓಣಿಯವರಿಗೆ ಮಾತಾಡಲು ಆ ಎರಡು ಕಾಲುಗಳು ಸಿಗಲಿಲ್ಲ. ಸೈಕಲ್ಲಿನ ಕೆಳಗೆ ಯಾರು ಮಲಗುತ್ತಾರೆ...

ಅವ್ವ ಬದುಕಿರುವವರೆಗೂ ಆ ತುದಿಯಲ್ಲಿ ಹಾಯಲಿಲ್ಲ. ಸುತ್ತು ಹಾಕಿಕೊಂಡು ನಳಕ್ಕೆ ಹೋಗುತ್ತಿದ್ದಳು. ಆದರೆ ಯಾರಾದರೂ ಮೇಸ್ತ್ರಿಯನ್ನು ಬೈದರೆ ಕೇಳಿಸಿಕೊಂಡು ಕೂರುತ್ತಿರಲಿಲ್ಲ, ಎದ್ದುಬಿಡುತ್ತಿದ್ದಳು.

ನನ್ನನ್ನು ಕಡ್ಡಿರಾಂಪುರಕ್ಕೆ ಕೊಟ್ಟ ಮೇಲೆ ಮೇಸ್ತ್ರಿಯನ್ನು ನಾನು ನೋಡಿದ್ದು ಒಂದೇ ಸಲ. ಸಂಡೂರಿನಿಂದ ಬರುವ ಇದೇ ಬಸ್ಸಿನಲ್ಲಿ. ನನಗಿಂತ ಒಂದು ಸೀಟು ಮುಂದೆ, ಸೀಟುಗಳ ನಡುವಿನ ದಾರಿಗೆ ಕಾಲು ಚಾಚಿ ಕೂತಿದ್ದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ನೋಡಿರಲಿಲ್ಲ. ಇಳಿಜಾರು ಬಂದಾಗ ಅವರು ಬಲಗಾಲಿನ ಚಪ್ಪಲಿ ಬಿಟ್ಟರು. ಪ್ರತಿ ತಿರುವಿನಲ್ಲೂ ಆ ಬರಿಗಾಲು ಬಸ್ಸಿನ ನೆಲವನ್ನು ಒತ್ತುತ್ತಿತ್ತು. ಬೆರಳುಗಳು ಬಿಳಿಚುವಷ್ಟು ಒತ್ತುತ್ತಿತ್ತು. ಅಣ್ಣ ಬಿದ್ದ ತಿರುವು ದಾಟಿದ ಮೇಲೂ ಕಾಲು ತೆಗೆಯಲಿಲ್ಲ. ಕೆಳಗೆ ಸಪಾಟು ದಾರಿ ಬಂದಾಗ ಹಿಂದೆ ತಿರುಗಿ ನನ್ನನ್ನು ಕಂಡರು. ಗುರುತು ಹತ್ತಿತು.

"ಆರಾಮಿದ್ದಿಯಾ ತಂಗೀ?" ಅಂದರು.

"ಅದೀನಿ ಅಣ್ಣಾ," ಅಂದೆ.

ಅಷ್ಟೇ. ಚಪ್ಪಲಿ ಮೆಟ್ಟಿಕೊಂಡು ಸ್ಟ್ಯಾಂಡಿನಲ್ಲಿ ಇಳಿದು ಹೋದರು. ಅವರು ತೀರಿಹೋದ ಸುದ್ದಿ ನನಗೆ ತಡವಾಗಿ ಬಂತು, ಮಣ್ಣಿಗೆ ಹೋಗಲು ಆಗಲಿಲ್ಲ. ಈಗ ಆ ಬೇವಿನ ಮರವೂ ಇಲ್ಲ. ಅಲ್ಲಿ ಮೊಬೈಲ್ ಅಂಗಡಿಗಳ ಸಾಲು ಬಂದಿದೆ, ನೆಲಕ್ಕೆ ಕಲ್ಲು ಹಾಸಿದ್ದಾರೆ.

ಹೋದ ವಾರ ಬಸ್ಸು ಆ ತಿರುವಿಗೆ ಬಂದಾಗ ವಾಸನೆ ಇನ್ನೂ ಇತ್ತು. ಪಕ್ಕದ ಹುಡುಗಿ ನನ್ನ ಕಾಲಿನ ಕಡೆ ನೋಡಿ, "ಏನಾತ್ರೀ ಅಜ್ಜೀ, ಕಾಲು ಹಿಡಕೊಂಡೈತೇನು?" ಅಂತ ಕೇಳಿದಳು. ಬಗ್ಗಿ ನೋಡಿಕೊಂಡೆ. ಚಪ್ಪಲಿ ಯಾವಾಗ ಬಿಟ್ಟೆನೋ ತಿಳಿಯದು. ಬಲಗಾಲು ನೆಲವನ್ನು ಒತ್ತಿ ಹಿಡಿದಿತ್ತು.

ಏನಿಲ್ಲವ್ವಾ ಅಂದೆ. ಬಸ್ಸು ಸಪಾಟಿಗೆ ಬರುವವರೆಗೂ ನಾನೂ ಕಾಲು ತೆಗೆಯಲಿಲ್ಲ.