ಬಾಗಿಲಿಗೆ ಕರೆದ ಗುಮ್ಮ

ಮಕ್ಕಳನ್ನು ಬೆಳೆಸುವುದು ತಾಯಿಯ ಪ್ರೀತಿ ಎಂದು ಜಗತ್ತಿನ ಹಿರಿಯರೆಲ್ಲ ಒಪ್ಪಿದ್ದಾರೆ. ಖಾನಾಪುರದ ನಮ್ಮ ಓಣಿಯಲ್ಲಿ ಆ ಕೆಲಸವನ್ನು ಬಹುಮಟ್ಟಿಗೆ ಹೆದರಿಕೆಯೇ ನೋಡಿಕೊಳ್ಳುತ್ತಿತ್ತು. ಮೊನ್ನೆ ಬೆಳಗಾವಿಯಲ್ಲಿ, ನಮ್ಮ ವಡಗಾವಿ ಮನೆಯ ಮುಂದೆ ಇಸ್ತ್ರಿಯವನು ಇದ್ದಲಿ ಊದಿದ ವಾಸನೆಗೆ ಅದೆಲ್ಲ ನೆನಪಾಯಿತು…

ಐವತ್ತು ವರ್ಷಗಳ ಹಿಂದಿನ, ಬ್ರಿಟಿಷರ ಕಾಲದ ಇಪ್ಪತ್ತರ ದಶಕದ ಮಾತು; ನಾನಾಗ ಆರು ವರ್ಷದವನು. ವಾರಕ್ಕೊಮ್ಮೆ ಕಾಡಿನಿಂದ ಇದ್ದಲಿ ಹೊತ್ತು ಸಿದ್ದಿ ಜನಾಂಗದವನೊಬ್ಬ ಬರುತ್ತಿದ್ದ. ಅವನ ಹಿರಿಯರನ್ನು ಯಾರೋ ಆಫ್ರಿಕಾದಿಂದ ಹಡಗಿನಲ್ಲಿ ಗೋವೆಗೆ ತಂದು ಮಾರಿದ್ದರಂತೆ. ಅವರು ತಪ್ಪಿಸಿಕೊಂಡು ನಮ್ಮ ಕಾಡು ಸೇರಿದರಂತೆ. ಈ ಚರಿತ್ರೆಯಿಂದ ಓಣಿಯ ತಾಯಂದಿರು ತೆಗೆದ ಸಾರಾಂಶ ಇಷ್ಟೇ: ಆಳು ಕಪ್ಪು, ಮಕ್ಕಳನ್ನು ಹೆದರಿಸಲು ಅನುಕೂಲ. ಮರಾಠಿ ಮನೆಗಳಲ್ಲಿ ಬಾಗುಲಬುವಾ, ನಮ್ಮಲ್ಲಿ ಗುಮ್ಮ. ಎರಡೂ ಭಾಷೆಯವರು ಜಗಳವಿಲ್ಲದೆ ಒಬ್ಬನನ್ನೇ ಕರೆಯುತ್ತಿದ್ದರು.

"ಏ ಸಿದ್ದಿ, ಒಂದಿಷ್ಟ ಕಣ್ಣ ಬಿಡೋ. ಇಂವ ಉಣ್ಣವಲ್ಲ," ಎನ್ನುತ್ತಿದ್ದಳು ಅವ್ವ.

ಅವನು ಬುಟ್ಟಿ ಇಳಿಸಿ ಬಾಗಿಲಿಗೆ ಬರುತ್ತಿದ್ದ. ಜೊತೆಗೆ ನನ್ನದೇ ವಯಸ್ಸಿನ ಮಗಳು, ತಾಯಿಯಿಲ್ಲದ ಹುಡುಗಿ. ಮೊದಲು ಅವಳ ಮುಖವನ್ನು ಅಂಗೈಯಿಂದ ಮೆಲ್ಲಗೆ ಬೀದಿಯ ಕಡೆ ತಿರುಗಿಸುತ್ತಿದ್ದ. ಆಮೇಲೆ ಕಣ್ಣು ಹೊರಳಿಸಿ ಅಬ್ಬರಿಸುತ್ತಿದ್ದ. ನಾನು ತುತ್ತು ನುಂಗುತ್ತಿದ್ದೆ. ಅವನಿಗೊಂದು ರೊಟ್ಟಿ ಸಿಗುತ್ತಿತ್ತು. ಅದು ಮಗಳ ಕೈಗೆ ಹೋಗುತ್ತಿತ್ತು.

ಒಂದು ಬೆಳಿಗ್ಗೆ ಇದ್ದಲಿ ಇಲ್ಲದೆ ಬಂದ. ಮಗಳ ತಲೆಗೆ ಎಣ್ಣೆ ಹಚ್ಚಿದ್ದ. ನಮ್ಮ ಎದುರುಮನೆಯ ಪಡಸಾಲೆಯಲ್ಲಿ ಶಾಲೆ ನಡೆಯುತ್ತಿತ್ತು. ಅದರ ಮೆಟ್ಟಿಲ ಕೆಳಗೆ ನಿಂತ.

"ಇಕಿನ್ನ ಸಾಲಿಗೆ ಹಚ್ಚಬೇಕ್ರಿ, ಮಾಸ್ತರ."

ಮಾಸ್ತರರು ಧರ್ಮಸಂಕಟದಿಂದ ಓಣಿಯ ಕಡೆ ನೋಡಿದರು. ಧರ್ಮ ನಮ್ಮ ಅವ್ವನ ಬಾಯಿಂದ ಬಂತು: "ಬ್ಯಾಡ್ರಿ. ನಮ್ಮ ಹುಡುಗ್ರು ಹೆದರತಾವ."

"ಹೆದರಸಾಕ ನನ್ನ ಕರದವರು ನೀವರೀ, ಅಕ್ಕಾರ," ಎಂದ ಅವನು, ದನಿ ಏರಿಸದೆ. "ಇಕಿ ಯಾರಿಗೂ ಕಣ್ಣ ಬಿಟ್ಟಿಲ್ಲ."

ಅವ್ವನಿಗೆ ಒಲೆಯ ಮೇಲಿನ ಹಾಲು ನೆನಪಾಯಿತು. ಮಾಸ್ತರರಿಗೆ ಮಗ್ಗಿ.

ಮುಂದಿನ ವಾರ ಅವ್ವ ಏನೂ ಆಗದವಳಂತೆ ಮತ್ತೆ ಕರೆದಳು. ಅವನು ಬಾಗಿಲಿಗೆ ಬಂದ. ಈ ಸಲ ಮಗಳ ಮುಖ ತಿರುಗಿಸಲಿಲ್ಲ.

"ಇನ್ನ ಆಗೂದಿಲ್ರಿ. ಮಗಳು ನೋಡಾಕತ್ತಾಳ."

"ಸೊಕ್ಕ ನೋಡ ಇವಂದು," ಎಂದಳು ಅವ್ವ. ಅಂದಿನಿಂದ ಇಡೀ ಓಣಿ ಬೇರೊಬ್ಬನಿಂದ ಇದ್ದಲಿ ಕೊಂಡಿತು. ಅಪ್ಪ ಮಗಳು ಎತ್ತ ಹೋದರೋ…

ಇಸ್ತ್ರಿಯವನು ಅಂಗಿ ತಂದುಕೊಟ್ಟ. ಬೆಚ್ಚಗಿತ್ತು, ಅದೇ ವಾಸನೆ. ಈಗ ಯಾರನ್ನಾದರೂ ವಿಚಾರಿಸೋಣವೆಂದರೆ ಆ ಸಿದ್ದಿಯ ಹೆಸರು ನನಗೆ ಗೊತ್ತಿಲ್ಲ. ನಮ್ಮ ಓಣಿಯಲ್ಲಿ ಯಾರೂ ಕೇಳಿರಲಿಲ್ಲ.

ಅವನ ಮಗಳು ಶಾಲೆಗೆ ಬರಲಿಲ್ಲ. ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದೆ.